ಟ್ರಯಲ್ ಗಾಡಿಯಲ್ಲಿ ಸಾಲದ ತಿರುಗಾಟ

1938ರಲ್ಲಿ ನಾನು ಗುಲಬರ್ಗಾದಲ್ಲಿ ಹಳೆಯ ಮೋಟಾರು ಮಾರುವ ಒಬ್ಬ ಏಜೆಂಟರ ಕೈಕೆಳಗೆ ಡ್ರೈವರ್ ಆಗಿದ್ದೆ. ಮಿಸ್ತ್ರಿ ಕೆಲಸವೂ ನನ್ನದೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ನನ್ನ ಕೈಯಲ್ಲಿದ್ದ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತೆಂದು ಯಾರೂ ಆಡಿದ್ದಿಲ್ಲ. ಈ ಮಾತನ್ನು ಇವತ್ತಿಗೂ ಗಟ್ಟಿ ದನಿಯಲ್ಲೇ ಹೇಳುತ್ತೇನೆ.

ನಮ್ಮ ಏಜೆಂಟರು ಕೊಳ್ಳುವವರಿಗೆ ಗಾಡಿಯನ್ನು ಎಂಟು ದಿನ ಟ್ರಯಲ್‌ಗೆ ಕೊಡುತ್ತಿದ್ದರು, ಜೊತೆಗೆ ಡ್ರೈವರನನ್ನೂ. ಪೆಟ್ರೋಲು, ಡ್ರೈವರನ ಊಟ ಕೊಳ್ಳುವವರ ಖರ್ಚು. ಒಪ್ಪಿಗೆಯಾದರೆ ರೊಕ್ಕ, ಇಲ್ಲವಾದರೆ ಗಾಡಿ ವಾಪಸು. ಹೊರಡುವಾಗ ಏಜೆಂಟರದು ಯಾವಾಗಲೂ ಒಂದೇ ಮಾತು: "ರೊಕ್ಕ ತಗೊಂಡು ಬಾ, ಇಲ್ಲಾ ಗಾಡಿ ತಗೊಂಡು ಬಾ. ಎರಡೂ ಇಲ್ದ ನೀನೂ ಬರಬ್ಯಾಡ."

ಆ ಬೇಸಿಗೆಯಲ್ಲಿ ಆಳಂದದ ಚನ್ನಬಸಪ್ಪ ಸಾವಕಾರರ ಮನೆಗೆ ನಾಲ್ಕು ಬಾಗಿಲಿನ ಗಾಡಿಯೊಂದನ್ನು ಒಯ್ದೆ. ಬೆಲೆ ಹನ್ನೆರಡು ನೂರು ಹಾಲಿ, ಅಂದರೆ ನಿಜಾಮರ ಸಿಕ್ಕದ ರೂಪಾಯಿ. ಅವರದು ಹತ್ತಿಯ ವ್ಯಾಪಾರ, ಬಜಾರಿನಲ್ಲಿ ದೊಡ್ಡ ಅಂಗಡಿ. ಗಾಡಿಯನ್ನು ಒಂದು ಸುತ್ತು ನೋಡಿ, ಹಾರ್ನು ಒತ್ತಿ, "ನಾಳಿಗಿ ಮನಿ ಮಂದಿನೆಲ್ಲ ಕುಂದ್ರಿಸ್ಕೊಂಡು ಹಿರೋಳ್ಳಿಗಿ ಹೋಗೂನು" ಅಂದರು. ಬೀಗರೂರಿಗೆ ಇರಬೇಕೆಂದುಕೊಂಡೆ.

ಮರುದಿನ ಹಿಂದಿನ ಸೀಟಿನಲ್ಲಿ ಅವರ ತಾಯಿ ನೀಲವ್ವ, ಹೆಂಡತಿ ಶಾಂತವ್ವ, ನಡುವೆ ಎರಡು ಕೂಸು. ಸಾವಕಾರರು ನನ್ನ ಪಕ್ಕದಲ್ಲಿ. ಹಿಂದಿನವರು ಆಡುವ ಮಾತು ಡ್ರೈವರನಿಗೆ ಬೇಡವೆಂದರೂ ಕೇಳುತ್ತದೆ. ಊರು ದಾಟುವಷ್ಟರಲ್ಲಿ ತಿಳಿಯಿತು: ನಾವು ಹೊರಟದ್ದು ಸಾಲಕ್ಕೆ. ಆ ಸಾಲ ಈ ಮೋಟಾರಿಗೇ. ಮೋಟಾರು ಕೊಳ್ಳಹೊರಟ ಸಾವಕಾರರಲ್ಲಿ ಕವಡೆಯೂ ಉಳಿದಿರಲಿಲ್ಲ.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು. ಆಗಿನ ಬಜಾರಿನಲ್ಲಿ ದಿವಾಳಿಯಾದ ವ್ಯಾಪಾರಿ ತನ್ನ ಅಂಗಡಿಯ ಗಾದಿಯನ್ನು ಮಗುಚಿ ಹಾಕಿ, ಹಾಡಹಗಲು ಹೊಸ್ತಿಲ ಮೇಲೆ ದೀಪ ಹಚ್ಚಿಡುತ್ತಿದ್ದ. ದೀಪ ಕಂಡರೆ ರೊಕ್ಕ ಕೊಟ್ಟವರೆಲ್ಲ ಸೇರಿ, ಉಳಿದದ್ದನ್ನು ಪಂಚರ ಮುಂದೆ ಪಾಲು ಮಾಡಿಕೊಳ್ಳುವರು. ಆಮೇಲೆ ಅವನನ್ನು ಯಾರೂ ಕಾಡುವಂತಿಲ್ಲ. ಆದರೆ ಅವನನ್ನು ಮತ್ತೆ ಸಾವಕಾರ ಎಂದು ಯಾರೂ ಕರೆಯುವಂತೆಯೂ ಇಲ್ಲ. ಚನ್ನಬಸಪ್ಪನವರು ಆ ದೀಪವನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದರು.

"ಬಾಗಿಲ ಮುಂದ ಮೋಟಾರ್ ನಿಂತ್ರ ಒಂದು ಸುಗ್ಗಿತನಕ ಯಾರೂ ಕೇಳಾಕ ಬರಂಗಿಲ್ಲ, ಯವ್ವಾ. ಅಷ್ಟರಾಗ ಹತ್ತಿ ರೇಟು ಏರ್ತದ" ಅಂದರು.

"ಸಾಲಕ್ಕ ಏನ್ ಒತ್ತಿ ಇಡ್ತಿ?" ನೀಲವ್ವನವರ ಪ್ರಶ್ನೆ.

"ಮನಿ."

"ಓಣ್ಯಾಗಿನ ಗಂಡ ಸತ್ತ ಹೆಣ್ಮಕ್ಕಳು ನನ್ನ ಮಾರಿ ನೋಡಿ ಅಂಗಡ್ಯಾಗ ರೊಕ್ಕ ಇಟ್ಟಾರ. ಈಗ ಉಳದದ್ದು ಆ ಮನಿ ಒಂದೇ. ಅದನ್ನೂ ಒತ್ತಿ ಇಟ್ರ ಅವರಿಗೇನು ಕೊಡ್ತಿ?"

ಸಾವಕಾರರು ನನ್ನ ಕಡೆ ತಿರುಗಿ ಗಾಡಿ ಗ್ಯಾಲನ್ನಿಗೆ ಎಷ್ಟು ಮೈಲು ಓಡುತ್ತದೆ ಎಂದು ಕೇಳಿದರು. ಹೇಳಿದೆ.

ಹಿರೋಳ್ಳಿಯಲ್ಲಿ ಸಾಲ ಕೊಡಬೇಕಾದ ಪಾಟೀಲರು ಗಾಡಿಯ ಸುತ್ತ ತಿರುಗಿ, ಬಾನೆಟ್ಟಿನ ಮೇಲೆ ಕೈಯಾಡಿಸಿ ನಕ್ಕರು. "ಏನ್ ಸಾವಕಾರ್ರೆ, ಚ್ಯಾಷ್ಟಿ ಮಾಡ್ತೀರೇನು? ಮೋಟಾರ್ ಮ್ಯಾಲ ಬಂದವ್ರಿಗಿ ನಾ ಸಾಲ ಕೊಡೂದಾ? ನನಗ ಬಾವಿ ತೋಡಸೂದದ, ನೀವೇ ಒಂದೈವತ್ತು ಕೊಟ್ಟು ಹೋಗ್ರಿ." ಇಲ್ಲವೆಂದರೆ ಗುಟ್ಟು ಬಯಲು. ಸಾವಕಾರರು ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಏನೋ ಅಂದರು. ಅವಳು ತವರಿನಿಂದ ಬಂದ ರೊಕ್ಕವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಸಾಲ ಕೇಳಲು ಹೋದವರು ಸಾಲ ಕೊಟ್ಟು ಬಂದೆವು.

ವಾಪಸು ಬರುವಾಗ ಶಾಂತವ್ವ ಅತ್ತೆಗೆ ಅಂದಳು: "ಇನ್ನೆರಡು ಊರಿಗಿ ಹಿಂಗ ಹೋದ್ರ, ಅತ್ತಿ, ನಮಗ ಬರಬೇಕಾದ ಬಾಕಿನೇ ಬಾಳ ಆಗ್ತದ." ನೀಲವ್ವ ನಕ್ಕರು. ಸಾವಕಾರರು ನಗಲಿಲ್ಲ. ನಾನು ನಗುವಂತಿರಲಿಲ್ಲ.

ಅಫಜಲಪುರದ ಲೇವಾದೇವಿಯವರು ಇನ್ನೂ ಜಾಣರು. ನೋಡೋಣ, ಯೋಚಿಸೋಣ ಎನ್ನುತ್ತ, ತಮ್ಮ ಮನೆಮಂದಿಯನ್ನು ಗಾಣಗಾಪುರಕ್ಕೆ ಒಯ್ದು ದರ್ಶನ ಮಾಡಿಸಿ ತರಲು ಹೇಳಿದರು. ಸಾಲದ ಆಸೆಗೆ ಅದೂ ಆಯಿತು. ಸಾವಕಾರರ ಮನೆಯವರು ಅವರ ಪಡಸಾಲೆಯಲ್ಲಿ ಸೆಕೆಗೆ ಬೀಸಿಕೊಳ್ಳುತ್ತ ಕುಳಿತರು, ನಾನು ಅವರ ಸೊಸೆಯಂದಿರನ್ನು ಹೊತ್ತು ತಿರುಗಿದೆ. ಸಂಜೆಗೆ ಸಿಕ್ಕದ್ದು ಒಂದು ಹಿಡಿ ಪ್ರಸಾದ, ಮತ್ತೆ "ಮುಂದಿನ ತಿಂಗಳ ನೋಡೂನ್ರಿ" ಎಂಬ ಮಾತು. ಪೆಟ್ರೋಲು ತರಲು ಸಾವಕಾರರು ಕೈಯ ಉಂಗುರ ಮಾರಿದರು.

ಕೊನೆಗೆ ಜೇವರ್ಗಿ ತಾಲೂಕಿನ ನೆಲೋಗಿ. ಅಲ್ಲಿನ ಬಸವಂತರಾಯ ಗೌಡರು ಸಾವಕಾರರ ಸತ್ತ ತಂದೆಯ ಗೆಳೆಯರು. ಭೀಮಾ ಹೊಳೆಯಲ್ಲಿ ನೀರು ಕಡಿಮೆ, ಉಸುಕು ಹೆಚ್ಚು. ಗಾಲಿ ಹೂತು, ಇಂಜಿನ್ ನಿಲ್ಲಿಸಿ ಎತ್ತು ಕಟ್ಟಿಸಬೇಕಾಯಿತು. ನೀಲವ್ವ ಇಳಿಯಲೊಲ್ಲರು. "ನಾ ಇಳದ್ರೇನು ಹಗರಾಗ್ತದ, ತಮ್ಮಾ? ಈ ಗಾಡ್ಯಾಗ ನನ್ನಕಿಂತ ವಜ್ಜಾದದ್ದು ಬ್ಯಾರೇ ಅದ" ಅಂದರು. ಎತ್ತುಗಳು ಮೋಟಾರನ್ನು ಎಳೆದು ದಡ ಹತ್ತಿಸಿದವು. ದಡದ ಮೇಲಿದ್ದವರು ನೋಡಿ ನಗುತ್ತಿದ್ದರು. ಸಾವಕಾರರು ರುಮಾಲು ಸರಿಮಾಡಿಕೊಂಡು ಒಣಗಿದ ಮುಖದಲ್ಲಿ ಕುಳಿತೇ ಇದ್ದರು.

ಗೌಡರು ಎಲ್ಲರನ್ನೂ ಊಟಕ್ಕೆ ಕೂರಿಸಿ, ಉಂಡ ಮೇಲೆ ಮಾತು ತೆಗೆದರು. ನಾನು ಕಟ್ಟೆಯ ಕೆಳಗೆ ರೇಡಿಯೇಟರಿಗೆ ನೀರು ಹಾಕುತ್ತಿದ್ದೆ. ಅವರು ಗಾಡಿಯನ್ನೂ ನೋಡಲಿಲ್ಲ, ಸಾವಕಾರರನ್ನೂ ನೋಡಲಿಲ್ಲ. ಬಾಗಿಲ ಮರೆಗೆ ನಿಂತ ನೀಲವ್ವನವರನ್ನು ಕೇಳಿದರು: "ವೈನಿ, ರೊಕ್ಕ ಒಳಗ ಅದ. ಮನಿ ಒತ್ತಿ ಬರದು ಕೊಡ್ತಾನಂತ ನಿಮ್ಮ ಮಗ. ನೀವು ಹೂಂ ಅಂದ್ರ ಕೊಡ್ತೇನಿ. ನಿಮ್ಮ ಮಾತಿಗಿ, ಅವನದಕ್ಕಲ್ಲ."

ಸಾವಕಾರರು ತಾಯಿಯ ಕಡೆ ನೋಡಿದರು. ಅಷ್ಟು ಊರು ತಿರುಗಿ ಸಿಗದ ಸಾಲ ಈಗ ಒಂದು ಹೂಂ ಅನ್ನುವುದರಲ್ಲಿತ್ತು. ನಾನೂ ನೀರಿನ ಡಬ್ಬಿ ಹಿಡಿದು ಹಾಗೇ ನಿಂತೆ. ಸಾಲ ಸಿಕ್ಕರೆ ನನಗೂ ಇನಾಮು ಇತ್ತು.

ನೀಲವ್ವ ಸೆರಗು ಸರಿಮಾಡಿಕೊಂಡರು. "ಮೋಟಾರ್ ಬ್ಯಾಡ್ರಿ, ಗೌಡ್ರೆ. ನಮ್ಮ ಅಂಗಡ್ಯಾಗ ಒಂದು ದೀಪ ಹಚ್ಚೂದು ಬಾಕಿ ಅದ. ಅದಕ್ಕ ಎಣ್ಣಿ ಮನ್ಯಾಗೇ ಅದ."

ಗೌಡರು ತಲೆಬಾಗಿಸಿ ಕುಳಿತರು. ಆಮೇಲೆ "ನಿಮ್ಮ ಯಜಮಾನ್ರೂ ಹಿಂಗ ಅಂತಿದ್ರು" ಅಂದು ಎದ್ದರು. ಚನ್ನಬಸಪ್ಪನವರು ಅಳಲಿಲ್ಲ, ಜಗಳ ಮಾಡಲಿಲ್ಲ. ದೂರ ನಡೆದು ಬಂದವನ ತಲೆಯ ಹೊರೆ ಇಳಿಸಿದಂತೆ ಅವರ ಭುಜ ಇಳಿಯಿತು. ನನ್ನ ಹತ್ತಿರ ಬಂದು, "ಡ್ರೈವರ್ರೆ, ಆಳಂದತನಕ ಪೆಟ್ರೋಲ್ ಸಾಲ್ತದೇನ್ರಿ?" ಅಂದರು. ಸಾಲುತ್ತದೆ ಅಂದೆ. ದಾರಿಯುದ್ದಕ್ಕೂ ಕೂಸುಗಳು ಅಜ್ಜಿಯ ತೊಡೆಯ ಮೇಲೆ ಮಲಗಿದ್ದವು.

ಮರುದಿನ ಮಧ್ಯಾಹ್ನ ಅವರು ಅಂಗಡಿ ತೆರೆದು ತಮ್ಮ ಕೈಯಾರೆ ಗಾದಿ ಮಗುಚಿದರು. ನೀಲವ್ವ ಮನೆಯಿಂದ ಎಣ್ಣೆ ತಂದರು, ಬತ್ತಿಗೆ ಕಡ್ಡಿ ಗೀರಿದವರು ಮಗ. ಬಿಸಿಲಿನಲ್ಲಿ ಆ ಉರಿ ನನ್ನ ಕಣ್ಣಿಗೆ ಕಾಣಲೇ ಇಲ್ಲ. ಬಜಾರಿಗೆಲ್ಲ ಕಂಡಿತು. ಜನ ಸೇರತೊಡಗಿದರು. ಮೊದಲು ಬಂದವರು ರೊಕ್ಕ ಇಟ್ಟಿದ್ದ ಓಣಿಯ ಆ ವಿಧವೆಯರೇ, ತಲೆ ಮೇಲೆ ಸೆರಗು ಹೊದ್ದು. ನೀಲವ್ವ ಅವರ ನಡುವೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಮನೆ ಮಾರಿದ ರೊಕ್ಕದಲ್ಲಿ ಪಂಚರು ಮೊದಲು ಆ ಹೆಂಗಸರ ಪಾಲು ಕೊಡಿಸಿದರೆಂದು ಆಮೇಲೆ ಕೇಳಿದೆ.

ನಾನು ಹೊರಡುವಾಗ ಶಾಂತವ್ವ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು. "ಹಿರೋಳ್ಳಿ ಕಡೆ ಹಾದ್ರ ನಮ್ಮ ಐವತ್ತು ಕೇಳ್ರಿ, ಅಣ್ಣಾ" ಅಂದಳು. ಅವಳ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಎಂದಿನದೇ.

ಗಾಡಿ ವಾಪಸು ಒಯ್ದೆ. ಟಯರು ಸವೆದಿವೆ ಎಂದು ಏಜೆಂಟರು ಬೈದರು. ಆಮೇಲೆಯೂ ಮೂವತ್ತು ವರ್ಷ ಈ ಕಸುಬಿನಲ್ಲಿದ್ದೆ, ಎಷ್ಟೋ ಗಾಡಿ ಟ್ರಯಲ್‌ಗೆ ಒಯ್ದೆ. ಕೊಳ್ಳುವ ಯಜಮಾನರು ಹಾರ್ನು ಒತ್ತಿ ನೋಡುವ ಹೊತ್ತಿನಲ್ಲಿ ನಾನು ಹಿಂದಿನ ಸೀಟಿನ ಬಾಗಿಲು ತೆರೆದು ಕೇಳುತ್ತಿದ್ದೆ: "ಅವ್ವಾರೆ, ನೀವೇನಂತೀರಿ?" ಅಲ್ಲಿಂದ ಹೂಂ ಬರದಿದ್ದರೆ ಆ ಮನೆಯಲ್ಲಿ ನನ್ನ ಹಾಸಿಗೆಯ ಗಂಟು ಬಿಚ್ಚುತ್ತಿರಲಿಲ್ಲ. ಗಾಡಿ ವಾಪಸು ಬರುವುದೆಂದು ತಿಳಿದು, ಊಟ ಮುಗಿಸಿ, ಟಯರಿಗೆ ಗಾಳಿ ಹೊಡೆಯಲು ಕೂರುತ್ತಿದ್ದೆ.