ಹಾಸಿಗೆಯ ಪಕ್ಕದ ಇರುವೆಗೂಡು

ದೇವರನ್ನು ನಂಬದ ವಿಜ್ಞಾನದ ಮಾಸ್ತರನೊಬ್ಬ ಹರಕೆ ತೀರಿಸಲು ಪರದೇಶದ ಇರುವೆ ತರಿಸಿದ ಅಂದರೆ ನಗುತ್ತೀರಿ. ನಗಿರಿ. ಆ ಮಾಸ್ತರ ನಾನೇ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಕ್ಕರು, ನಾನು ಕಲಿಸುವ ಮುರಗೋಡದ ಸಾಲೆಯ ಸ್ಟಾಫ್ ರೂಮಿನಲ್ಲೂ ನಕ್ಕರು. ಆಗ ನಾನೂ ಅವರೊಂದಿಗೆ ಕೂಡಿ ನಕ್ಕಿದ್ದೇನೆ.

ನನ್ನ ಹೆಂಡತಿ ಎರಡು ಸಲ ಬಸುರಾಗಿ ಎರಡೂ ಸಲ ಐದನೇ ತಿಂಗಳಲ್ಲಿ ಕಳೆದುಕೊಂಡಿದ್ದಳು. ಮೂರನೆಯ ಸಲ ಲೇಡಿ ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರು. ಹೆರಿಗೆಯಾಗುವತನಕ ಹಾಸಿಗೆ ಬಿಡಬಾರದು, ಬಚ್ಚಲಿಗೆ ಮಾತ್ರ ಹೋಗಿ ಬರಬಹುದು, ರಾಮದುರ್ಗದ ತವರಿನ ಹೆಸರೂ ಎತ್ತಬೇಡಿ ಎಂದರು. ಅವ್ವ ಡಾಕ್ಟರ ಮಾತನ್ನೂ ಕೇಳಿದಳು, ಅದು ಸಾಲದೆಂದು ಮರುದಿನವೇ ದೇಗಾಂವದ ಗುಡಿಗೂ ಹೋಗಿ ಬಂದಳು. ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಯಾರೋ ಮುದುಕಿ ಹೇಳಿದಳಂತೆ: ಬಸುರಿ ತನ್ನ ಕೈಯಾರೆ ದಿನಾಲೂ ಇರುವೆಗೆ ಸಕ್ಕರೆ-ರವೆ ಹಾಕಬೇಕು, ಒಂದು ದಿನವೂ ತಪ್ಪಬಾರದು, ಆಗ ಬಸಿರು ನಿಲ್ಲುತ್ತದೆ.

ಎಲ್ಲರೂ ಬೇವಿನ ಗಿಡದ ಬುಡಕ್ಕೆ ಹೋಗಿ ಹಾಕುತ್ತಾರೆ. ಹಾಸಿಗೆ ಬಿಟ್ಟು ಏಳದವಳು ಎಲ್ಲಿ ಹಾಕಬೇಕು? ನಾವಿರುವುದು ಮಾಳಿಗೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮಲಗುವ ಕೋಣೆಯ ಮೂಲೆಯಲ್ಲಿ ಬೆಲ್ಲದ ಚೂರು ಇಟ್ಟು ನೋಡಿದೆ. ಇರುವೆ ಬಂದವು, ಬೆಲ್ಲ ಮುಗಿಸಿದವು, ಗಾದಿಯನ್ನೂ ಏರಿದವು. ಬೆಳಗಾಗುವುದರಲ್ಲಿ ಆಕೆಯ ಕಾಲೆಲ್ಲ ದದ್ದು. ಅವ್ವ ಮಂಚದ ನಾಲ್ಕು ಕಾಲಿಗೂ ಅರಿಶಿನ ಸುರಿದು, ನನಗೆ ಬಾಯಿಗೆ ಬಂದಂತೆ ಬೈದಳು.

ಆಗಲೇ ಮೊಬೈಲಿನಲ್ಲಿ ಇರುವೆ ಸಾಕುವವರ ಗುಂಪೊಂದು ಸಿಕ್ಕಿತು. ಗಿಳಿ ಸಾಕುವವರನ್ನು ನೋಡಿದ್ದೆ, ಮೀನು ಸಾಕುವವರನ್ನು ನೋಡಿದ್ದೆ. ಇದಕ್ಕೂ ಜನ ಇದ್ದಾರೆಂದು ತಿಳಿದಿರಲಿಲ್ಲ. ಅದರಲ್ಲೊಬ್ಬ ಹೊರದೇಶದ ಒಂದು ಜಾತಿ ಹೇಳಿದ. ಕಾಳುಕಡಿ ತಿನ್ನುತ್ತವೆ, ಹುಳ ಕೊಂದು ಹಾಕುವ ರಗಳೆ ಕಡಿಮೆ, ಸಾಕುವ ಪೆಟ್ಟಿಗೆ ದಾಟಿ ಬರುವುದಿಲ್ಲ ಎಂದ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ, ಹಾಗಾಗಿ ಅದೇ ಸರಿ ಎನಿಸಿತು. ತರಿಸುವುದು ಕಾನೂನಿಗೆ ಸರಿಯೋ ತಪ್ಪೋ ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಖರೇ ಹೇಳಬೇಕೆಂದರೆ ನನಗೊಂದು ಹಮ್ಮೂ ಇತ್ತು. ಮೂಢನಂಬಿಕೆಯ ಕೆಲಸವನ್ನೂ ವೈಜ್ಞಾನಿಕವಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಪಾರ್ಸೆಲ್ ಬಂತು. ಬೆರಳುದ್ದದ ಗಾಜಿನ ನಳಿಕೆ, ಕೊನೆಯಲ್ಲಿ ನೀರು, ನಡುವೆ ಒದ್ದೆ ಹತ್ತಿ, ಈಚೆಗೆ ಒಂದು ದಪ್ಪ ರಾಣಿ ಇರುವೆ ಮತ್ತು ದುಡಿಯುವ ಹತ್ತಿಪ್ಪತ್ತು ಆಳು ಇರುವೆಗಳು. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

“ಊರಾನ ಇರಿವಿ ಏನ್ ಪಾಪ ಮಾಡಿದ್ವೋ ಯಪ್ಪಾ? ಇವು ಸಕ್ಕರಿ ತಿಂದ್ರ ನಮ್ಮ ದೇವರಿಗೆ ಮುಟ್ಟತೈತೇನು?”

“ದೇವರಿಗೆ ಎಲ್ಲಾ ದೇಶಾನೂ ಒಂದ ಬೇ ಯವ್ವಾ,” ಎಂದೆ. ನನ್ನ ಬಾಯಲ್ಲಿ ದೇವರ ಮಾತು ಕೇಳಿ ಹಾಸಿಗೆಯಲ್ಲಿದ್ದವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗೆ ಕೇಳಿದ್ದೆ.

ಗೂಡನ್ನು ನಾನೇ ಮಾಡಿದೆ. ಗಾಜಿನ ಹಾಳೆಯ ಮೇಲೆ ಜೇಡಿಮಣ್ಣಿನ ಉಂಡೆಗಳನ್ನಿಟ್ಟು, ಹೊಸೆದ ಮಣ್ಣಿನ ಬತ್ತಿಗಳಿಂದ ಒಂದಕ್ಕೊಂದು ಜೋಡಿಸಿ, ಸುತ್ತ ರಟ್ಟು ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆ. ಗಟ್ಟಿಯಾದ ಮೇಲೆ ಮಗುಚಿ ಮಣ್ಣು ಕೆತ್ತಿದರೆ ಅಲ್ಲಿ ಕೋಣೆಗಳು, ಕೋಣೆಗೆ ದಾರಿಗಳು. ಮತ್ತೆ ಗಾಜು ಮುಚ್ಚಿದೆ. ಒಂದು ಮೂಲೆಯಲ್ಲಿ ತಂಪಿಗೆಂದು ಸ್ಪಂಜು. ಕೆಂಪು ಬೆಳಕು ಇರುವೆಗೆ ಕಾಣುವುದಿಲ್ಲವೆಂದು ಗಾಜಿಗೆ ಕೆಂಪು ಕಾಗದ ಹೊದಿಸಿದೆ. ಪಕ್ಕದಲ್ಲಿ ಮೇವು ಹಾಕಲು ಬಾಯ್ದೆರೆದ ಡಬ್ಬಿ. ಅದರ ಅಂಚಿಗೆ ಪೌಡರ್ ಸವರಿದರೆ ಇರುವೆ ಜಾರಿ ಬೀಳುತ್ತವೆ, ಹೊರಗೆ ಬರಲಾರವು. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಕೂಸಿನ ಪೌಡರ್. ಅದನ್ನು ಕಂಡದ್ದೇ ಅವ್ವನ ಮೈಮೇಲೆ ದೇವರು ಬಂದಂತಾಯಿತು.

“ಕೂಸು ಹುಟ್ಟೂಕಿಂತ ಮೊದಲ ಕೂಸಿನ ಸಾಮಾನು ಮನ್ಯಾಗ ತಂದಿ? ಬುದ್ಧಿಗಿದ್ಧಿ ಐತೇನೋ ನಿನಗ?”

ಪೌಡರನ್ನು ಹೊರಗೆ ಮೆಟ್ಟಿಲ ಮೇಲೆಯೇ ಇಟ್ಟು, ಮೇವಿನ ಡಬ್ಬಿಗೆ ಅಲ್ಲೇ ಕುಳಿತು ಸವರಿ ಒಳಗೆ ತಂದೆ.

ಅವ್ವ ಅಂಥವಳು. ಕಟಕೋಳದ ತವರಿನಿಂದ ತಂದ ಶಾಸ್ತ್ರ ಅವಳದು. ಅಸ್ತು ದೇವತೆಗಳು ಮನೆಯ ಮೇಲೆ ತಿರುಗುತ್ತಿರುತ್ತಾರೆ, ಕೆಟ್ಟ ಮಾತು ಆಡಿದರೆ ಅಸ್ತು ಅಂದುಬಿಡುತ್ತಾರೆ, ಆಮೇಲೆ ಅದು ಆಗಿಯೇ ಆಗುತ್ತದೆ. ನಮ್ಮಲ್ಲಿ ಉಪ್ಪು ತೀರಿದರೂ ತೀರಿತು ಅನ್ನುವ ಹಾಗಿಲ್ಲ, ಹೆಚ್ಚಾಯಿತು ಅನ್ನಬೇಕು. ಬಸುರಿ ಇರುವ ಮನೆಯಲ್ಲಂತೂ ಕೇಳುವುದೇ ಬೇಡ. ಹಿಂದಿನ ಎರಡು ಬಸಿರಿನ ಸುದ್ದಿಯನ್ನು ಆ ಎಂಟು ತಿಂಗಳು ಯಾರೂ ಎತ್ತಲಿಲ್ಲ. ನಾನು ಇದನ್ನೆಲ್ಲ ಅಣಕಿಸುತ್ತಿದ್ದೆ, ಪಾಲಿಸುತ್ತಲೂ ಇದ್ದೆ.

ಗೂಡು ಹೆಂಡತಿಯ ತಲೆದಿಂಬಿನ ಪಕ್ಕ ಸ್ಟೂಲಿನ ಮೇಲೆ ಕೂತಿತು. ದಿನಾ ಬೆಳಿಗ್ಗೆ ಮಗ್ಗುಲಾಗಿ, ಚಿಟಿಕೆ ಸಕ್ಕರೆ-ರವೆ ಹಾಕುತ್ತಿದ್ದಳು. ಆಳುಗಳು ರವೆ ಹೊತ್ತು ಒಳಗೆ ಸಾಗುವುದನ್ನು ನೋಡುತ್ತ, ಆಗಾಗ ಕೆಂಪು ಕಾಗದ ಎತ್ತಿ ಇಣುಕುತ್ತ ಅವಳ ಹೊತ್ತು ಹೋಗುತ್ತಿತ್ತು. ರಾಣಿಗೆ ಬಾಣಂತಿ ಎಂದು ಹೆಸರಿಟ್ಟಳು. ನಾನು ಸಾಲೆಯಿಂದ ಬಂದರೆ ಮೊದಲ ವರದಿ ಬಾಣಂತಿಯದೇ: ಇಂದು ತತ್ತಿ ಇಟ್ಟಳು, ಇಂದು ಮೂವರು ಸೇರಿ ಅವಳನ್ನು ನೆಕ್ಕಿದರು. ಐದನೇ ತಿಂಗಳು ದಾಟಿತು. ಏಳರಲ್ಲಿ ಹಾಸಿಗೆಯ ಮೇಲೆಯೇ ಸೀಮಂತದ ಕುಬಸ ಮಾಡಿದೆವು, ಹಸಿರು ಬಳೆ ಇಡಿಸಿದೆವು. ಹೊಟ್ಟೆಯೊಳಗೆ ಕೂಸು ಒದೆಯುವಾಗ ನನ್ನ ಕೈ ಹಿಡಿದು ಅಲ್ಲಿ ಇಟ್ಟುಕೊಳ್ಳುತ್ತಿದ್ದಳು. ನಾನು ಸುಖವಾಗಿದ್ದೆ. ಇರುವೆಯ ಪುಣ್ಯ ಎಂದು ಯಾರಾದರೂ ಅಂದಿದ್ದರೆ ಆಗ ವಾದ ಮಾಡುತ್ತಿರಲಿಲ್ಲ.

ಎಂಟನೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಸ್ಪಂಜಿಗೆ ನೀರು ಹಾಕಲು ಕೆಂಪು ಕಾಗದ ಎತ್ತಿದೆ. ರಾಣಿ, ಇರುವೆಗಳು ಕಸ ಹಾಕುವ ಮೂಲೆಯಲ್ಲಿ ಕಾಲು ಮುದುರಿ ಬಿದ್ದಿದ್ದಳು. ಎರಡು ಆಳುಗಳು ಅವಳನ್ನು ಇನ್ನೂ ಎಳೆಯುತ್ತಿದ್ದವು. ಬಿಸಿಲ ಝಳಕ್ಕೋ, ನಾನು ಹೆಚ್ಚು ನೀರು ಹಾಕಿದ್ದಕ್ಕೋ, ಇಂದಿಗೂ ತಿಳಿದಿಲ್ಲ. ನನ್ನ ಹಿಂದೆ ಆಕೆ ಮಲಗಿದ್ದಳು. ಹೇಳಿದರೆ ಹೆದರುತ್ತಾಳೆ, ಹೆದರಿಕೆಯಿಂದ ಏನಾದರೂ ಆದರೆ? ಚಿಮಟದಿಂದ ರಾಣಿಯನ್ನು ಎತ್ತಿ ಕಾಗದದಲ್ಲಿ ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡೆ.

“ಬಾಣಂತಿ ಹೆಂಗದಾಳ್ರಿ?” ಎಂದಳು.

“ಚೆಂದ ಅದಾಳ. ಒಳಗಿನ ಖೋಲ್ಯಾಗ ಹೋಗಿ ಕುಂತಾಳ,” ಎಂದೆ. ತತ್ತಿಗೆ ಬೆಳಕು ತಾಗಬಾರದು, ನಾಲ್ಕು ದಿನ ಕಾಗದ ಎತ್ತಬೇಡ ಎಂದೂ ಸೇರಿಸಿದೆ. ಮುರಗೋಡದ ಬಸ್ಸಿನ ಕಿಟಕಿಯಿಂದ ಆ ಕಾಗದ ಎಸೆದೆ.

ಗುರುವಾರವೂ ಕೇಳಿದಳು, ಶುಕ್ರವಾರವೂ ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ. ನನ್ನ ಸುಳ್ಳು ಮುಚ್ಚಲು ನಾನೂ ಏನಾದರೂ ಕೇಳಬೇಕಲ್ಲ, ಕೂಸು ಒದೀತೈತೇನು ಎಂದು ಕೇಳಿದೆ.

“ಹ್ಞೂಂ ರೀ, ಆಡಾಕ ಹತ್ತೈತಿ,” ಎಂದಳು. ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಅದನ್ನು ನಾನು ಗಮನಿಸಲಿಲ್ಲ. ಗೂಡಿನ ಕಡೆ ಅವಳ ಕಣ್ಣು ಹೋಗದಂತೆ ನೋಡಿಕೊಳ್ಳುವುದರಲ್ಲಿದ್ದೆ.

ಶನಿವಾರ ತಪಾಸಣೆಯ ದಿನ. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು, ಮತ್ತೆ ಆಡಿಸಿದರು, ನರ್ಸಿಗೆ ಬಾಗಿಲು ಹಾಕಲು ಹೇಳಿದರು. ಕೂಸಿನ ಎದೆ ಬಡಿತ ಇರಲಿಲ್ಲ. ಆಡುವುದು ಯಾವಾಗಿನಿಂದ ಕಡಿಮೆಯಾಯಿತು ಎಂದು ಕೇಳಿದರು. ಆಕೆ ನನ್ನ ಕಡೆ ನೋಡದೆ, ಬುಧವಾರದಿಂದ ಎಂದಳು. ಗುರುವಾರ ಪೂರ್ತಿ ನಿಂತಿತ್ತಂತೆ. ಬುಧವಾರವೇ ಬಂದಿದ್ದರೆ ಎಂದು ನಾನು ತಡವರಿಸಿದೆ. ಉಳಿಯುತ್ತಿತ್ತು ಎಂದು ಹೇಳಲಾರೆ, ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ ಎಂದರು ಡಾಕ್ಟರು.

ಹೊಲಿಗೆ ಬಿಚ್ಚಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ತಲೆ ತುಂಬ ಕೂದಲು. ಮಣ್ಣು ಮಾಡಲು ನಾನೇ ಎತ್ತಿಕೊಂಡು ಹೋದೆ. ಅಷ್ಟು ಹೊತ್ತೂ ನನಗೆ ಹೆಂಡತಿಯ ಮೇಲೆ ಸಿಟ್ಟಿತ್ತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದಳಲ್ಲ, ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಮನೆಗೆ ಬಂದ ಮೇಲೂ ಗೂಡು ಸ್ಟೂಲಿನ ಮೇಲೇ ಇತ್ತು. ಎತ್ತಿಡುವ ಧೈರ್ಯ ಯಾರಿಗೂ ಬರಲಿಲ್ಲ. ರಾಣಿ ಇಲ್ಲದಿದ್ದರೂ ಆಳುಗಳು ಮೊದಲಿನ ಹಾಗೆಯೇ ಕೆಲಸ ಮಾಡುತ್ತಿದ್ದವು. ಹೊಸ ತತ್ತಿ ಮಾತ್ರ ಇರಲಿಲ್ಲ. ಹದಿನೈದು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಆಕೆ ಎದ್ದು ಕುಳಿತು ತಾನೇ ಕೆಂಪು ಕಾಗದ ತೆಗೆದಳು. ಒಂದೊಂದೇ ಕೋಣೆ ನೋಡಿದಳು.

“ಇದರಾಗ ರಾಣಿ ಇಲ್ಲ ಅಲ್ರಿ?”

“ಇಲ್ಲ.”

“ಯಾವಾಗ ಸತ್ತಳು?”

“ಬುಧವಾರ ಮುಂಜಾನೆ.”

ಯಾವ ಬುಧವಾರ ಎಂದು ಅವಳು ಕೇಳಲಿಲ್ಲ. ನಾನಾಗಿಯೇ ಹೇಳಿದೆ, “ನೀ ಅಂಜ್ತಿ ಅಂತ ಹೇಳಲಿಲ್ಲ.”

ಕಾಗದವನ್ನು ಮತ್ತೆ ಗಾಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಬಿಡಿಸಿದಳು.

“ಅವತ್ತ ಕೂಸು ಯಾಕೋ ಆಡವಲ್ದು ಅಂತ ಬಾಯಿತನಕ ಬಂದಿತ್ರಿ. ಅಂದ್ರ ಹಂಗ ಆಗೇಬಿಡತೈತಿ ಅಂತ ನುಂಗಿಕೊಂಡ್ನಿ. ಅದಕ್ಕಂತ ಬಾಣಂತಿ ಹೆಂಗದಾಳ ಅಂತ ಮೊದಲ ಕೇಳಿದ್ನಿ. ಚೆಂದ ಅದಾಳ ಅಂದ್ರಿ. ಸತ್ತಾಳ ಅಂದಿದ್ರ ಅಲ್ಲೇ ಅಂಜಿ ಒದರತಿದ್ನಿ, ದವಾಖಾನಿಗೆ ಕರಕೊಂಡ ನಡೀರಿ ಅಂತ.”