ರುಚಿ ನೋಡುವವಳ ಹೊಟ್ಟೆ

ನಮ್ಮಕ್ಕ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದಳು. ನಾನು ಅದೇ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುವವಳು. ನನ್ನ ಗಂಡ ತೀರಿಕೊಂಡ ಮೇಲೆ ಅವಳೇ ಬಂದು ನನ್ನನ್ನು ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಹೋದಳು. ಅಂದಿನಿಂದ ಇಬ್ಬರದೂ ಒಂದೇ ಮೇಜಿನಲ್ಲಿ ಊಟ.

ಊಟ ಅಂದರೆ ನನ್ನದು. ಅವಳು ಎರಡು ತುತ್ತು ತಿಂದು ತಟ್ಟೆ ಸರಿಸುವಳು. "ಬಿಡಮ್ಮಾ, ದಿನವಿಡೀ ರುಚಿ ನೋಡಿ ನೋಡಿ ಹೊಟ್ಟೆ ತುಂಬಿಸ್ಕೊಂಡು ಬಂದಿರ್ತೀಯ" ಎಂದು ನಾನು ಛೇಡಿಸುತ್ತಿದ್ದೆ. ಕ್ಯಾಂಟೀನಿನವರು ಅವಳಿಗೆ 'ವಾಸನೆಯಮ್ಮ' ಎಂದು ಹೆಸರಿಟ್ಟಿದ್ದರು. ಒಗ್ಗರಣೆಯ ವಾಸನೆಯಲ್ಲೇ ಬದುಕುತ್ತಾಳಂತೆ. ನಿಜ ಹೇಳಬೇಕೆಂದರೆ, ಮುನ್ನೂರು ಜನರ ಪಾತ್ರೆಯಿಂದ ಅವಳು ನೆಕ್ಕುತ್ತಿದ್ದದ್ದು ಅಂಗೈ ಮೇಲಿನ ಎರಡು ಹನಿ.

ಅವಳ ಮುಖ ಆಗಾಗ ಕೆಂಪೇರುವುದಕ್ಕೂ ನಮ್ಮ ಬಳಿ ಕಾರಣ ಸಿದ್ಧವಿತ್ತು, ಒಲೆಯ ಕಾವು. ರಜೆಯ ದಿನ ಕಿಟಕಿಯ ಪಕ್ಕ ಸುಮ್ಮನೆ ಕೂತಾಗಲೂ ಕುತ್ತಿಗೆಯಿಂದ ಹಣೆಯವರೆಗೆ ಕೆಂಪಾಗುತ್ತಿತ್ತು. ಅಲ್ಲಿ ಒಲೆ ಎಲ್ಲಿತ್ತು? ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. ಪದೇ ಪದೇ ಕಕ್ಕಸಿಗೆ ಓಡುವುದಕ್ಕೆ ಔಷಧಿ ಅಂಗಡಿಯವನು ಗ್ಯಾಸಿನ ಮಾತ್ರೆ ಕೊಡುತ್ತಿದ್ದ.

ಕಳೆದ ವರ್ಷ ಒಂದು ಮಧ್ಯಾಹ್ನ ಅವಳು ತರಕಾರಿ ಹೆಚ್ಚುವ ಮೇಜಿನ ಮೇಲೆ ಕುಸಿದಳು. ಹೊಟ್ಟೆ ಉಬ್ಬಿ ಬಿಗಿದಿತ್ತು, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

"ಕರುಳಲ್ಲಿರೋ ಗಡ್ಡೆ ಬಟಾಣಿಯಷ್ಟೇ. ನಿಧಾನವಾಗಿ ಬೆಳೆಯೋ ಜಾತಿ. ಆದ್ರೆ ಅದು ಒಂದು ಥರ ರಸ ಸುರಿಸುತ್ತೆ. ಮುಖ ಕೆಂಪಾಗೋದು, ಭೇದಿ ಆಗೋದು ಅದರಿಂದಾನೆ."

ಆ ರಸ ಸುತ್ತಲಿನ ಮಾಂಸಕ್ಕೆ, ಇಲ್ಲಿ ಗಾಯವಾಗಿದೆ, ಮುಚ್ಚು ಎಂದು ಸುಳ್ಳು ಹೇಳುತ್ತದಂತೆ. ಮಾಂಸ ಅದನ್ನು ನಂಬಿ, ಇಲ್ಲದ ಗಾಯಕ್ಕೆ ನಾರಿನ ಮೇಲೆ ನಾರು ಕಟ್ಟುತ್ತದೆ. ಗಾಯದ ಕಲೆ ಮಾಗಿದಂತೆ ಬಿಗಿಯುತ್ತದಲ್ಲ, ಹಾಗೆ ಬಿಗಿದು, ಕರುಳನ್ನು ಹಿಡಿದಿರುವ ತೆಳು ಪೊರೆಯನ್ನು ಚೀಲದ ಬಾಯಿಯ ದಾರ ಎಳೆದಂತೆ ಒಂದೇ ಕಡೆಗೆ ಎಳೆದುಕೊಳ್ಳುತ್ತದೆ. ಕರುಳು ಮಡಚಿಕೊಳ್ಳುತ್ತದೆ, ರಕ್ತನಾಳಗಳು ಇರುಕಿಕೊಳ್ಳುತ್ತವೆ. ಉಂಡಾಗ ಕರುಳಿಗೆ ಹೆಚ್ಚು ರಕ್ತ ಬೇಕು. ಅದು ಸಿಗದೆ ನೋವು. ಅಕ್ಕ ತಟ್ಟೆ ಸರಿಸುತ್ತಿದ್ದದ್ದು ಹೊಟ್ಟೆ ತುಂಬಿ ಅಲ್ಲ, ಹೆದರಿ.

"ಆ ಕಲೇನ ಕತ್ತರಿಸಿ ತೆಗೆದ್ಬಿಡಿ ಡಾಕ್ಟ್ರೇ" ಎಂದೆ. ನನಗೆ ಬೇಕಾದದ್ದು ಒಂದೇ, ಅವಳು ಒಂದು ತಟ್ಟೆ ಅನ್ನವನ್ನು ಹೆದರದೆ ತಿನ್ನಬೇಕು.

"ಅದು ದೊಡ್ಡ ರಕ್ತನಾಳಾನೇ ಸುತ್ಕೊಂಡಿದೆ, ಗಡ್ಡೇನೂ ಅದರೊಳಗೇ ಸಿಕ್ಕೊಂಡಿದೆ. ಕೈ ಹಾಕಿದ್ರೆ ಕರುಳೇ ಉಳಿಯಲ್ಲ. ಊಟ ಸಾಗೋಕೆ ಪಕ್ಕದಲ್ಲಿ ಬೇರೆ ದಾರಿ ಮಾಡಿ ಕೊಡ್ತೀವಿ. ಎಷ್ಟು ದಿನದಿಂದ ನೋವಿತ್ತು?"

"ಒಂಬತ್ತು ವರ್ಷ" ಎಂದಳು ಅಕ್ಕ.

ಆಪರೇಷನ್ ಆಯಿತು. ತಿಂಗಳಿಗೊಂದು ಇಂಜೆಕ್ಷನ್ನು ಆ ರಸವನ್ನು ತಗ್ಗಿಸುತ್ತದೆ, ಆಗಿಹೋದ ಕಲೆಯನ್ನು ಮೆತ್ತಗೆ ಮಾಡುವುದಿಲ್ಲ. ಹೃದಯದ ಕವಾಟಗಳೂ ಹೀಗೇ ಬಿಗಿಯಬಹುದಂತೆ. ಅದಕ್ಕೆ ವರ್ಷಕ್ಕೊಮ್ಮೆ ಬೇರೆ ಪರೀಕ್ಷೆ. ರಜೆ ಹಾಕಿ, ಮೂರು ಮಹಡಿ ಹತ್ತಿ, ಸಾಲಿನಲ್ಲಿ ನಿಂತು ನನಗೂ ಸಾಕಾಗಿದೆ. ಅಕ್ಕ ಈಗ ಅರ್ಧ ತಟ್ಟೆ ನೋವಿಲ್ಲದೆ ಉಣ್ಣುತ್ತಾಳೆ. ಅದಕ್ಕಿಂತ ಹೆಚ್ಚು ಆಗುವುದಿಲ್ಲ, ಇನ್ನು ಮುಂದೆಯೂ ಆಗಲಿಕ್ಕಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ತಡೆಯಲಾರದೆ ರೇಗಿದೆ. "ಒಂಬತ್ತು ವರ್ಷ ನಾನು ಎದುರಿಗೇ ಕೂತಿದ್ದೆ. ಒಂದ್ಸಲ ಆದ್ರೂ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ದೆ" ಎಂದಳು ಅಕ್ಕ, ಅನ್ನ ಕಲಸುತ್ತಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನಕ್ಕೆ."

ಅದು ಯಾವತ್ತು ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.