ಎರಡನೆಯ ಟೊಮೆಟೊ ಸ್ಯಾಂಡ್‌ವಿಚ್

ನಮ್ಮ ಲ್ಯಾಬಿನ ಗಿರಿಜಾ ತೀರಿಕೊಂಡ ಮೇಲೆ, ಮಣ್ಣಿನ ಮಾದರಿ ತರಲು ಬಳ್ಳಾರಿಯಿಂದ ನಾನೊಬ್ಬಳೇ ಹೋಗುತ್ತೇನೆ. ಎಂಟು ವರ್ಷ ಜೊತೆಗೇ ತಿರುಗಿದವರು ನಾವು. ಎಲ್ಲಿ ನೆರಳು ಸಿಕ್ಕರೆ ಅಲ್ಲೇ ನಮ್ಮ ಟೊಮೆಟೊ ಸ್ಯಾಂಡ್‌ವಿಚ್ ಪಿಕ್‌ನಿಕ್.

ಈ ಬೇಸಿಗೆಯ ಕೊನೆಯಲ್ಲಿ ಕುರುಗೋಡಿನ ಹತ್ತಿರ ಒಂದು ಹೊಲದಲ್ಲಿ ಕೆಲಸ ಮುಗಿಸಿ ಬೇವಿನ ಮರದ ಕೆಳಗೆ ಕುಳಿತೆ. ಹೊಲದ ಒಡತಿ ಈರಮ್ಮ ಆಗಷ್ಟೇ ಕಿತ್ತ ನಾಲ್ಕು ಟೊಮೆಟೊ ತಂದುಕೊಟ್ಟರು. ಬಿಸಿಲಿಗೆ ಅವು ಇನ್ನೂ ಬೆಚ್ಚಗಿದ್ದವು. ದಪ್ಪಗೆ ಹೆಚ್ಚಿ, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲಿಟ್ಟು, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದೆ.

"ಎರಡು ಮಾಡೀರಲ್ರೀ, ಇನ್ನೊಬ್ರು ಬರೋರು ಅದಾರೇನು?" ಈರಮ್ಮ ಕೇಳಿದರು.

ನೋಡಿದರೆ ಹೌದು, ಎರಡು ಮಾಡಿಟ್ಟಿದ್ದೆ. ಒಂದನ್ನು ಅವರತ್ತ ಸರಿಸಿದೆ.

"ಇಲ್ರೀ, ಅಕಿ ಬರಂಗಿಲ್ಲ. ನೀವು ತಿನ್ರಿ" ಎಂದೆ.

ಅವರು ನನ್ನ ಮುಖ ನೋಡಿ, ಪಕ್ಕದಲ್ಲಿ ಕುಳಿತರು. ಒಂದು ತುತ್ತು ತಿಂದು, "ಭಾಳ ಸಪ್ಪಗೈತಿ ಬಿಡವ್ವ" ಎನ್ನುತ್ತ ತಮ್ಮ ಬುತ್ತಿ ಬಿಚ್ಚಿ, ಶೇಂಗಾ ಚಟ್ನಿಪುಡಿಯನ್ನು ನನ್ನದಕ್ಕೂ ತಮ್ಮದಕ್ಕೂ ಧಾರಾಳವಾಗಿ ಸುರಿದರು.

ತಿಂದೆ. ಬಹಳ ಚೆನ್ನಾಗಿತ್ತು.

ಗಿರಿಜಾ ಇದ್ದಿದ್ದರೆ ರಂಪ ಮಾಡುತ್ತಿದ್ದಳು. ಟೊಮೆಟೊ ರುಚಿ ಕೆಡುತ್ತದೆಂದು ಒಮ್ಮೆ ನನ್ನ ಕೈಯಿಂದ ಈರುಳ್ಳಿಯನ್ನೇ ಕಸಿದುಕೊಂಡವಳು ಅವಳು. ಈಗ ಮನೆಯಲ್ಲೂ ಚಟ್ನಿಪುಡಿ ಹಾಕಿಯೇ ಮಾಡುತ್ತೇನೆ, ಕೇಳುವವರಿಲ್ಲ. ಅವಳು ಬಂದು ಒಂದು ಸಲ ಜಗಳ ಆಡಿದ್ದರೆ, ನಾನೇ ಸೋತು ಚಟ್ನಿಪುಡಿಯ ಡಬ್ಬಿ ಮುಚ್ಚಿಡುತ್ತಿದ್ದೆ.